ಹಲಗೆ ಬಡಿದವನ ಹೆಸರೇನು ಸ್ವಾಮಿ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ರಿಲೀಸು, ಬಗ್ಗು, ರಾತ್ರಿ ಹತ್ತು ಗಂಟೆಯ ಕಾಲು ಅಂತ ದಿನಗಳು ಉರುಳ್ತಾ ಇದ್ವು. ಇವತ್ತು ಮಾತ್ರ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಸಿಟ್ಟು ಬಂದಿದೆ. ಬೇರೆಯವರ ಮೇಲಿನ ಸಿಟ್ಟು ಅಂತಲೇ ಬರೆಯೋಕೆ ಕೂತೆ. ಬರೀತಾ ಬರೀತಾ ಅರ್ಧ ನನ್ನ ಕಡೆಗೇ ತಿರುಗಿತು. ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಕಳೆದ ವಾರ ಆಫೀಸಿನಲ್ಲಿ ಊಟ ಮುಗಿಸಿ ಕೂತಿದ್ವಿ. ನಮ್ಮ ಟೀಮಿನ ಗೆಳೆಯನೊಬ್ಬ ಫೋನ್ ಮುಂದೆ ಹಿಡಿದು "ಇದನ್ನ ಕೇಳು ಗುರೂ, ತಲೆ ತಿರುಗುತ್ತೆ" ಅಂದ. ಕ್ಯೂಬಾದವರು ಮೂರು ಜನ ಕಾಂಗಾ ಬಾರಿಸ್ತಾ ಇದ್ರು, ಹಿಂದೆ ಒಂದು ಜಾಝ್ ಬ್ಯಾಂಡು. ಅವನು ಕಣ್ಣು ಮುಚ್ಚಿ ತಲೆ ಆಡಿಸ್ತಾ ಇದ್ದ. ನಾನು ಟೇಬಲ್ ಮೇಲೆ ಬೆರಳಲ್ಲಿ ಎಣಿಸ್ತಾ ಇದ್ದೆ. ಮೂರು, ಮೂರು, ಎರಡು. ಮೂರು, ಮೂರು, ಎರಡು. ಎಂಟು ಎಣಿಕೆಯೊಳಗೆ ಮೂರೇ ಏಟು. ಇದನ್ನ ಎಲ್ಲೋ ಕೇಳಿದ್ದೀನಲ್ಲ ಅಂತ ಅನ್ನಿಸೋಕೂ ನೆನಪು ಬರೋಕೂ ಸರಿ ಹೋಯ್ತು. ಅಜ್ಜ ತೀರಿಕೊಂಡ ದಿನ, ನಮ್ಮ ಮನೆ ಮುಂದೆ.

"ನಮ್ಮ ಕಡೆ ಹಲಗೆಯಲ್ಲೂ ಇದೇ ಲೆಕ್ಕ ಇದೆ ಕಣೋ" ಅಂದೆ.

ಅವನು ನಕ್ಕ. "ಯಾವುದು, ಹೆಣದ ಮುಂದೆ ಬಡೀತಾರಲ್ಲ, ಅದಾ? ಅದು ಮ್ಯೂಸಿಕ್ಕಾ?"

ಅವನು ಕೆಟ್ಟವನೇನಲ್ಲ. ಕೇಳಿದ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗ್ತಾ ಇಲ್ಲ. ಯಾಕಂದ್ರೆ ಅವನು ತಲೆ ಆಡಿಸ್ತಾ ಇದ್ದ ಆ ಕಾಂಗಾ ಬಗ್ಗೆಯೂ ಹವಾನಾದ ದೊಡ್ಡ ಮನುಷ್ಯರು ಒಂದು ಕಾಲದಲ್ಲಿ ಇದೇ ಪ್ರಶ್ನೆ ಕೇಳ್ತಾ ಇದ್ರು.

*

ಆ ಕಥೆ ಹೇಳ್ತೀನಿ. ಚಾನೋ ಪೋಸೋ ಅಂತ ಒಬ್ಬ ಇದ್ದ. 1915ರಲ್ಲಿ ಹವಾನಾದ ಬಡ ಕರಿಯರ ವಠಾರದಲ್ಲಿ ಹುಟ್ಟಿದವನು. ಶಾಲೆ ಅಷ್ಟಕ್ಕಷ್ಟೇ. ಚಿಕ್ಕವಯಸ್ಸಲ್ಲೇ ಬಾಲಾಪರಾಧಿಗಳ ಶಾಲೆಯನ್ನೂ ನೋಡಿ ಬಂದವನು. ಅವನ ಕೈಗೆ ಚರ್ಮದ ವಾದ್ಯ ಸಿಕ್ಕಿದ್ದು ಯಾವುದೋ ಸಂಗೀತ ಶಾಲೆಯಲ್ಲಲ್ಲ, ಬೀದಿ ಮೆರವಣಿಗೆಯಲ್ಲಿ ಮತ್ತು ಆಫ್ರಿಕಾದಿಂದ ಬಂದ ಗುಲಾಮರ ಮಕ್ಕಳು ಉಳಿಸಿಕೊಂಡಿದ್ದ ಪೂಜೆಗಳಲ್ಲಿ.

1947ರಲ್ಲಿ ಅವನು ನ್ಯೂಯಾರ್ಕಿಗೆ ಬಂದ. ಆಗ ಡಿಜ್ಜಿ ಗಿಲೆಸ್ಪಿ ಅಮೆರಿಕದ ಜಾಝ್‌ನಲ್ಲಿ ಮೇಲಿದ್ದ ಟ್ರಂಪೆಟ್ ವಾದಕ. ಅವನ ಹಳೇ ಗೆಳೆಯ, ಕ್ಯೂಬಾದ ಮಾರಿಯೋ ಬೌಸಾ, ಇಬ್ಬರನ್ನೂ ಭೇಟಿ ಮಾಡಿಸಿದ. ಚಾನೋಗೆ ಇಂಗ್ಲಿಷ್ ಬರಲ್ಲ, ಡಿಜ್ಜಿಗೆ ಸ್ಪ್ಯಾನಿಷ್ ಬರಲ್ಲ, ಚಾನೋಗೆ ಸಂಗೀತದ ಲಿಪಿಯೂ ಬರಲ್ಲ. ಆದರೂ ಅದೇ ವರ್ಷ ಸೆಪ್ಟೆಂಬರ್ 29ರಂದು ಕಾರ್ನೆಗಿ ಹಾಲ್‌ನ ವೇದಿಕೆ ಮೇಲೆ ಕಾಂಗಾ ಇಟ್ಟುಕೊಂಡು ಕೂತ. ಡಿಸೆಂಬರ್ ಕೊನೆಗೆ 'ಮಾಂಟೇಕಾ' ಅನ್ನೋ ಕೃತಿ ರೆಕಾರ್ಡ್ ಆಯ್ತು. ಬೇಸ್ ಏನು ಬಾರಿಸಬೇಕು, ಟ್ರಾಂಬೋನ್ ಏನು ಬಾರಿಸಬೇಕು, ಟ್ರಂಪೆಟ್ ಎಲ್ಲಿ ಸೇರಬೇಕು ಅಂತ ಒಂದೊಂದನ್ನೂ ಚಾನೋ ಬಾಯಲ್ಲೇ ಹಾಡಿ ತೋರಿಸಿದ. ಡಿಜ್ಜಿ ನಡುವಿನ ಭಾಗ ಸೇರಿಸಿದ, ಗಿಲ್ ಫುಲ್ಲರ್ ಬ್ಯಾಂಡಿಗೆ ಹೊಂದಿಸಿ ಬರೆದ.

ಈಗ ಮುಖ್ಯ ಮಾತು. ಆ ಕೃತಿಯ ರಚನಕಾರರ ಸಾಲಿನಲ್ಲಿ ಮೂರು ಹೆಸರಿವೆ: ಗಿಲೆಸ್ಪಿ, ಪೋಸೋ, ಫುಲ್ಲರ್. 'ಕ್ಯೂಬಾದ ಜಾನಪದ ವಾದ್ಯ' ಅಂತಲ್ಲ. 'ಡೋಲು ತಂಡ' ಅಂತಲ್ಲ. ಲಿಪಿ ಬಾರದ, ಭಾಷೆ ಬಾರದ, ಬೀದಿಯಲ್ಲಿ ಕಲಿತ ಮನುಷ್ಯನ ಹೆಸರು, ಹೆಸರಾಗಿ, ರಚನಕಾರ ಅಂತ ಇದೆ.

ಮುಂದಿನ ವರ್ಷ, 1948ರ ಡಿಸೆಂಬರ್ 2ರಂದು, ಹಾರ್ಲೆಮ್‌ನ ಒಂದು ಬಾರಿನಲ್ಲಿ ಅವನಿಗೆ ಗುಂಡು ಹೊಡೆದರು. ವಯಸ್ಸು 33. ಅಮೆರಿಕದಲ್ಲಿ ಬದುಕಿದ್ದು ಎರಡು ವರ್ಷವೂ ಇಲ್ಲ. ಆದರೆ ಅವನಾದ ಮೇಲೆ ಮೊಂಗೋ ಸಾಂತಾಮಾರಿಯಾ ಬಂದ, ಕ್ಯಾಂಡಿಡೋ ಬಂದ. ಜಾಝ್‌ನಲ್ಲಿ ಕಾಂಗಾ ಅನ್ನೋದು ಒಂದು ಕುರ್ಚಿ ಆಯ್ತು. ಆ ಕುರ್ಚಿ ಮೇಲೆ ಕೂರೋ ಮನುಷ್ಯನನ್ನ ಜನ ಹೆಸರು ಹಿಡಿದು ಕೇಳೋಕೆ ಶುರು ಮಾಡಿದ್ರು.

ಇನ್ನೊಂದು ವಿಷಯ. ಆಫ್ರಿಕಾದ ಜನರನ್ನ ಅಮೆರಿಕಕ್ಕೂ ಎಳೆದುಕೊಂಡು ಹೋಗಿದ್ರು, ಕ್ಯೂಬಾಗೂ ಎಳೆದುಕೊಂಡು ಹೋಗಿದ್ರು. ಹಾಗಾದ್ರೆ ಅಮೆರಿಕದ ಕರಿಯರ ಸಂಗೀತದಲ್ಲಿ ಇಲ್ಲದ ಕೈಡೋಲು ಕ್ಯೂಬಾದಲ್ಲಿ ಹೇಗೆ ಉಳೀತು? ಒಂದು ದೊಡ್ಡ ಕಾರಣ ಕಾನೂನು. 1739ರಲ್ಲಿ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು, ಡೋಲು ಬಾರಿಸಿಕೊಂಡು ಜನ ಸೇರಿಸಿದ್ರು. 1740ರಲ್ಲಿ ಬಂದ ಕಾನೂನು ಗುಲಾಮರು ಡೋಲು ಇಟ್ಟುಕೊಳ್ಳೋದನ್ನೇ ನಿಷೇಧಿಸಿತು. ಕ್ಯೂಬಾದಲ್ಲಿ ಗುಲಾಮಗಿರಿ 1886ರ ತನಕ ಇತ್ತು, ಕ್ರೌರ್ಯ ಕಡಿಮೆ ಏನಿರಲಿಲ್ಲ. ಆದರೆ ಅಲ್ಲಿ ಆಫ್ರಿಕನ್ನರ ಸಂಘಗಳಿಗೆ ಅವಕಾಶ ಇತ್ತು, ಆ ಸಂಘಗಳೊಳಗೆ ಚರ್ಮ ಉಳೀತು. ಮುಂದೆ 20ನೇ ಶತಮಾನದ ಶುರುವಿನಲ್ಲಿ ಹವಾನಾದಲ್ಲೂ ಕರಿಯರ ಬೀದಿ ಮೆರವಣಿಗೆಗಳಿಗೆ ನಿಷೇಧ ಬಂತು, 'ಅನಾಗರಿಕ ಸದ್ದು' ಅನ್ನೋ ನೆಪದಲ್ಲಿ.

ಫೆರ್ನಾಂದೋ ಓರ್ತಿಸ್ ಅಂತ ಕ್ಯೂಬಾದ ಬಿಳಿಯ ವಿದ್ವಾಂಸ. 1906ರಲ್ಲಿ ಅವನು ಬರೆದ ಮೊದಲ ದೊಡ್ಡ ಪುಸ್ತಕ ಈ ಜನರ ಪೂಜೆ ಪುನಸ್ಕಾರಗಳನ್ನ ಅಪರಾಧಶಾಸ್ತ್ರದ ಕನ್ನಡಕ ಹಾಕಿಕೊಂಡು ನೋಡಿದ್ದು. ಅದೇ ಮನುಷ್ಯ 1936ರಲ್ಲಿ ಪವಿತ್ರ ಬಾತಾ ವಾದ್ಯಗಳನ್ನ ಸಾರ್ವಜನಿಕ ಸಭೆಗೆ ಕರೆಸಿ ಕೇಳಿಸಿದ. 1952ರಿಂದ 55ರ ತನಕ ಆಫ್ರೋ-ಕ್ಯೂಬನ್ ವಾದ್ಯಗಳ ಮೇಲೆ ಐದು ಸಂಪುಟ ಹೊರತಂದ. ಅಂದ್ರೆ ಓದಿದ ಮನುಷ್ಯನ ಕಿವಿ ಬದಲಾಗೋಕೆ ಮೂವತ್ತು ವರ್ಷ ಬೇಕಾಯ್ತು. ನಮ್ಮ ಕಿವಿಗೆ ಎಷ್ಟು ಬೇಕು?

*

ಈಗ ನಮ್ಮೂರಿಗೆ ಬನ್ನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಬೆಂಗಳೂರಿನ ಜನಕ್ಕೆ ಈ ಐದು ಹೆಸರು ಹೇಳಿದ್ರೆ "ಹಂಪಿ ಹತ್ರನಾ?" ಅಂತಾರೆ. ಹೂಂ, ಹಂಪಿ ಹತ್ರ. ಹರಪನಹಳ್ಳಿಯನ್ನ 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದ್ರು, ಮತ್ತೆ ಬಳ್ಳಾರಿಗೆ ತಂದ್ರು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಐದೂ ತಾಲೂಕು ಅದರೊಳಗೆ ಬಂದ್ವು. ಬೋರ್ಡು ಬದಲಾದ್ವು. ಊರ ಹೊರಗಿನ ಕೇರಿ ಇದ್ದಲ್ಲೇ ಇದೆ.

ಈ ಐದು ತಾಲೂಕಿನಲ್ಲಿ ಚರ್ಮ ಎಷ್ಟು ಥರ ಮಾತಾಡುತ್ತೆ ಗೊತ್ತಾ?

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯೋ ದಿನ ಸಮಾಳ, ನಂದಿಕೋಲು ಮುಂದೆ ಹೊರಟ್ವು ಅಂದ್ರೆ ಎದೆ ಒಳಗೆ ಏನೋ ಗುದ್ದಿದ ಹಾಗಾಗುತ್ತೆ. ಹಗರಿಬೊಮ್ಮನಹಳ್ಳಿ ಕಡೆ ಬೀರಪ್ಪನ ಗುಡಿ ಇರೋ ಊರುಗಳಲ್ಲಿ ಡೊಳ್ಳು, ಒಂದು ಮೈಗೆ ಕೋಲು, ಇನ್ನೊಂದಕ್ಕೆ ಬರಿಗೈ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಹೋದ್ರೆ ಜೋಗತಿಯರ ಚೌಡಿಕೆ. ಅದು ತಂತಿ ವಾದ್ಯ, ಆದರೆ ಕೆಲಸ ಮಾಡೋದು ತಾಳವಾದ್ಯದ್ದು. ಒಂದೇ ತಂತಿ, ಅದರ ಮೇಲೆ ಇಡೀ ರಾತ್ರಿಯ ಕಥೆ.

ಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯಂದಿರ ಡಮರುಗ. ಕಾರ್ಣಿಕದ ದಿನ ಲಕ್ಷಾಂತರ ಜನ, ಸಾವಿರ ಥರದ ಸದ್ದು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತಾನೆ. ಒಂದೇ ಮಾತು. ಎಲ್ಲಾ ನಿಲ್ಲುತ್ತೆ. ಜಾಝ್‌ನವರು ವಿರಾಮದ ಬಗ್ಗೆ ಪುಟಗಟ್ಟಲೆ ಬರೀತಾರಲ್ಲ, ಅವರನ್ನ ಒಂದ್ಸಲ ಭರತ ಹುಣ್ಣಿಮೆ ಮುಗಿದ ಮೇಲೆ ಮೈಲಾರಕ್ಕೆ ಕರ್ಕೊಂಡು ಬನ್ನಿ.

ಕೂಡ್ಲಿಗಿ ಕಡೆ ಮ್ಯಾಸಬೇಡರ ಉರುಮೆ. ನಡು ಸಣ್ಣಗಿರೋ ಈ ವಾದ್ಯದ ಒಂದು ಮೈಯನ್ನ ಹೊಡೀತಾರೆ, ಇನ್ನೊಂದನ್ನ ಬಾಗಿದ ಕೋಲಿನಿಂದ ಉಜ್ಜುತಾರೆ. ಉಜ್ಜಿದಾಗ ಅದು ಗುರುಗುಟ್ಟುತ್ತೆ, ಯಾರೋ ನರಳಿದ ಹಾಗೆ. ಚಾನೋ ಪೋಸೋ ಸೇರಿದ್ದ ಅಬಾಕುವಾ ಅನ್ನೋ ಗುಪ್ತ ಸಂಘದಲ್ಲೂ ಹೀಗೇ ಉಜ್ಜಿ ನುಡಿಸೋ ಒಂದು ಡೋಲು ಇದೆ, ಹೆಸರು ಎಕ್ವೆ. ಹೊರಗಿನವರ ಕಣ್ಣಿಗೆ ಅದನ್ನ ತೋರಿಸೋದೇ ಇಲ್ಲ, ಸದ್ದು ಮಾತ್ರ ಕೇಳಬೇಕು. ನಮ್ಮ ಉರುಮೆಯನ್ನ ಯಾರೂ ಬಚ್ಚಿಟ್ಟಿಲ್ಲ. ಬೀದಿಯಲ್ಲೇ ಇದೆ. ಆದರೂ ಯಾರಿಗೂ ಕಾಣಿಸ್ತಾ ಇಲ್ಲ.

ಇನ್ನು ಹಲಗೆ. ಐದು ತಾಲೂಕಿನಲ್ಲೂ ಇದೆ. ಬೆಂಕಿಗೆ ಹಿಡಿದು ಕಾಯಿಸಬೇಕು, ಚರ್ಮ ಬಿಗಿಯಾಗಬೇಕು, ಆಮೇಲೆ ಎರಡು ಕಡ್ಡಿ, ಒಂದು ದಪ್ಪ, ಒಂದು ತೆಳು. ದಪ್ಪ ಕಡ್ಡಿ ಅಡಿಪಾಯ ಹಾಕುತ್ತೆ, ತೆಳು ಕಡ್ಡಿ ಅದರ ಮೇಲೆ ಹರಟೆ ಹೊಡಿಯುತ್ತೆ. ದೇವರಿಗೆ ಒಂದು ಬಡಿತ, ಮದುವೆಗೆ ಒಂದು, ಡಂಗುರಕ್ಕೆ ಒಂದು, ಸಾವಿಗೆ ಒಂದು. ಊರಿನ ಮುದುಕಿ ಮನೆ ಒಳಗೆ ರೊಟ್ಟಿ ಬಡೀತಾ ಇದ್ದರೂ ಹೊರಗೆ ಏನಾಗಿದೆ ಅಂತ ಬಡಿತ ಕೇಳಿ ಹೇಳ್ತಾಳೆ. ಇದಕ್ಕಿಂತ ದೊಡ್ಡ ಶ್ರೋತೃ ಬೇಕಾ?

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಈಗಲೇ ವಾಟ್ಸಾಪ್ ಫಾರ್ವರ್ಡಿಗೆ ಸಿದ್ಧ ಆಗಿರ್ತೀರಿ: 'ಕ್ಯೂಬಾದ ತಾಳ ಹೋಗಿದ್ದೇ ನಮ್ಮ ಕರ್ನಾಟಕದಿಂದ!' ದಯವಿಟ್ಟು ಬೇಡ. ಎಂಟರಲ್ಲಿ ಮೂರು ಏಟನ್ನ ಆದಷ್ಟೂ ಸಮವಾಗಿ ಹಂಚಿ ನೋಡಿ, ಮೂರು-ಮೂರು-ಎರಡೇ ಬರೋದು. ಗೊಡ್‌ಫ್ರಿಡ್ ಟೂಸಾಂ ಅನ್ನೋ ಕಂಪ್ಯೂಟರ್ ವಿಜ್ಞಾನಿ 2005ರಲ್ಲಿ ಒಂದು ಪ್ರಬಂಧ ಬರೆದ. ನಾವು ಶಾಲೆಯಲ್ಲಿ ಮಸಾಅ ಕಂಡುಹಿಡಿಯೋಕೆ ಕಲಿತ ಯೂಕ್ಲಿಡ್ ಅಲ್ಗಾರಿದಮ್ಮೇ ಪ್ರಪಂಚದ ಎಷ್ಟೋ ಜಾನಪದ ತಾಳಗಳನ್ನ ಹುಟ್ಟಿಸುತ್ತೆ ಅಂತ ತೋರಿಸಿದ. ಅದೇ ಲೆಕ್ಕವನ್ನ ನ್ಯೂಟ್ರಾನ್ ಯಂತ್ರದ ಟೈಮಿಂಗ್‌ಗೂ ಬಳಸಿದ್ದಾರೆ. ನಾನೂ ಹತ್ತು ಸಾಲಿನ ಪ್ರೋಗ್ರಾಂ ಬರೆದು ನೋಡಿದೆ. ಮೂರು ಮತ್ತು ಎಂಟು ಕೊಟ್ಟರೆ ಕ್ಯೂಬಾ ಬರುತ್ತೆ, ನಮ್ಮೂರೂ ಬರುತ್ತೆ. ಯಾರೂ ಯಾರಿಂದಲೂ ಕದ್ದಿಲ್ಲ. ಯಾರು ಮೊದಲು ಅನ್ನೋದು ನನ್ನ ಪ್ರಶ್ನೆಯೇ ಅಲ್ಲ. ಒಂದೇ ಲೆಕ್ಕವನ್ನ ಒಬ್ಬ ಬಾರಿಸಿದಾಗ ಕಾರ್ನೆಗಿ ಹಾಲು, ಇನ್ನೊಬ್ಬ ಬಾರಿಸಿದಾಗ ಊರ ಹೊರಗಿನ ಜಗಲಿ. ಇದು ಯಾವ ಅಲ್ಗಾರಿದಮ್ಮು?

*

'ಕರ್ನಾಟಕದಲ್ಲಿ ಜಾಝ್ ಜೊತೆ ತಾಳ ಸೇರಿಸಿದವರೇ ಇಲ್ವಾ?' ಅಂತ ನೀವು ಕೇಳಬಹುದು. ಇದ್ದಾರೆ, ಅದೂ ಭರ್ಜರಿಯಾಗಿ. 1964ರಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರು ಮಾಡಿದ್ರು. ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಇವರ ಜೊತೆ ಸೇರಿ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ರೆಕಾರ್ಡ್ ಮಾಡಿದ, ಹೊರತಂದಿದ್ದು ಜರ್ಮನಿಯ ಇಸಿಎಂ. ಆರ್.ಎ. ರಮಾಮಣಿ ಹಾಡುಗಾರಿಕೆ, ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ. ಕೇಳಿಲ್ಲದಿದ್ದರೆ ಇವತ್ತೇ ಕೇಳಿ. ನಲವತ್ತು ವರ್ಷ ದಾಟಿದ್ರೂ ಹಳಸಿಲ್ಲ.

ರಮೇಶ್ ಶೋಥಂ ಇನ್ನೊಬ್ಬರು. ಚಾನೋ ಪೋಸೋ ಕಥೆಗೆ ನಮ್ಮ ಕಡೆ ಇವರಷ್ಟು ಹತ್ತಿರ ಬರೋ ಇನ್ನೊಬ್ಬರು ನನಗೆ ಕಾಣ್ತಾ ಇಲ್ಲ. 1948ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು, 70ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಅನ್ನೋ ರಾಕ್ ಬ್ಯಾಂಡಿನ ಡ್ರಮ್ಮರ್. ಡ್ರಮ್ ಸೆಟ್ ಬಾರಿಸ್ತಾ ಇದ್ದ ಈ ಮನುಷ್ಯ ಬೆಂಗಳೂರಿನ ಅದೇ ಕಾಲೇಜಿಗೆ ಬಂದು ತವಿಲ್ ಕಲಿತ್ರು. ಆಮೇಲೆ ಜರ್ಮನಿಗೆ ಹೋಗಿ, ಕಲೋನ್‌ನಲ್ಲಿ ನೆಲೆಸಿ, ಯುರೋಪಿನ ಜಾಝ್‌ನವರ ಜೊತೆ ದಶಕಗಳ ಕಾಲ ಬಾರಿಸಿದ್ರು. ಡ್ರಮ್ ಸೆಟ್ಟೂ ಅಲ್ಲೇ, ತವಿಲ್ಲೂ ಅಲ್ಲೇ, ಘಟವೂ ಅಲ್ಲೇ.

ತವಿಲ್ ಅಂದ್ರೆ ಏನು ಯೋಚನೆ ಮಾಡಿ. ಅದು ಎಸಿ ಹಾಲಿನ ವಾದ್ಯ ಅಲ್ಲ. ದೇವರ ಉತ್ಸವದ ಮುಂದೆ, ಬಯಲಲ್ಲಿ, ಕೋಲಲ್ಲಿ ಹೊಡೆದು ನಾಲ್ಕು ಬೀದಿ ಆಚೆಗೂ ಕೇಳೋ ಹಾಗೆ ಬಾರಿಸೋ ವಾದ್ಯ. ಸಮಾಳವೂ ಅದೇ ಕೆಲಸ ಮಾಡುತ್ತೆ. ಹಾಗಾದ್ರೆ ತವಿಲ್ ಕಲೋನ್ ತನಕ ಹೋಯ್ತು, ಸಮಾಳ ಯಾಕೆ ಕೊಟ್ಟೂರು ಬಸ್ ಸ್ಟ್ಯಾಂಡ್ ದಾಟಲಿಲ್ಲ?

'ತವಿಲ್‌ಗೆ ಶಾಸ್ತ್ರ ಇದೆ ರೀ' ಅಂತೀರಿ. ಸರಿ. ಶಾಸ್ತ್ರ ಅಂದ್ರೆ ಏನು? ಬಾಯಲ್ಲಿ ಹೇಳೋ ಸೊಲ್ಲುಗಳು, ಎಣಿಕೆ, ಗುರು, ಪಾಠದ ಕ್ರಮ. ಹಲಗೆಯವರಿಗೂ ಬಾಯಲ್ಲಿ ಹೇಳೋ ಸೊಲ್ಲು ಇದೆ, ನಾನೇ ಕೇಳಿದ್ದೀನಿ, ಅಪ್ಪ ಮಗನಿಗೆ ಹೇಳಿಕೊಡೋದನ್ನ. ಎಣಿಕೆ ತಪ್ಪಿದ್ರೆ ಕಡ್ಡಿಯಲ್ಲೇ ಮೊಣಕಾಲಿಗೆ ಒಂದು ಬೀಳುತ್ತೆ. ಅದು ಗುರುಕುಲ ಅಲ್ವಾ? ಬೋರ್ಡು ಹಾಕಿಲ್ಲ ಅಷ್ಟೇ. ಕನ್ನಡ ವಿಶ್ವವಿದ್ಯಾಲಯ ಹಂಪಿಯಲ್ಲೇ ಇದೆ, 1991ರಿಂದ. ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ, 2011ರಿಂದ. ಹಾಡುಗಳನ್ನ ಬರೆದಿಟ್ಟಿದ್ದೀವಿ, ಕಾವ್ಯಗಳನ್ನ ಅಚ್ಚು ಹಾಕಿದ್ದೀವಿ, ಒಳ್ಳೇದೇ. ಕೊಟ್ಟೂರಿನ ನನ್ನಂಥ ಹುಡುಗನಿಗೆ ಮೃದಂಗ ಕಲಿಯೋಕೆ ಪುಸ್ತಕ ಸಿಕ್ತು, ಕಾಂಗಾ ಕಲಿಯೋಕೆ ಯೂಟ್ಯೂಬು ಸಿಕ್ತು. ನಮ್ಮೂರ ಹಲಗೆ ಕಲಿಯೋಕೆ ಕೇರಿಗೆ ಹೋಗಬೇಕಿತ್ತು. ಹೋಗೋ ಹಾಗಿರಲಿಲ್ಲ. ಅದೇ ಕಾರಣ. ಶಾಸ್ತ್ರ ಇಲ್ಲದ್ದು ಕಾರಣ ಅಲ್ಲ.

ಆಫ್ರಿಕಾ ಬೇಕು ಅಂದ್ರೆ ಅದೂ ನಮ್ಮಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಆಫ್ರಿಕಾದ ಮೂಲದವರು, ಅವರ ಡಮಾಮಿ ಕುಣಿತಕ್ಕೆ ಅವರದ್ದೇ ಡೋಲು. 'ಆಫ್ರೋ' ಅನ್ನೋ ಪದ ಕೇಳಿದ್ರೆ ಕಣ್ಣರಳಿಸೋ ನಮ್ಮ ಗೆಳೆಯರಲ್ಲಿ ಎಷ್ಟು ಜನ ಯಲ್ಲಾಪುರದಲ್ಲಿ ಇಳಿದಿದ್ದೀರಿ? ದಾಂಡೇಲಿ ರಾಫ್ಟಿಂಗಿಗೆ ಹೋಗಿದ್ದು ಲೆಕ್ಕಕ್ಕಿಲ್ಲ.

*

ಈಗ ಸಿಟ್ಟಿನ ವಿಷಯ. ಕೆಲವು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಫ್ಯೂಷನ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾರದ್ದು ಅಂತ ಹೇಳಲ್ಲ, ಒಬ್ಬರ ತಪ್ಪಲ್ಲ ಇದು, ಎಲ್ಲರೂ ಹೀಗೇ. ಪೋಸ್ಟರ್‌ನಲ್ಲಿ ಸ್ಯಾಕ್ಸೊಫೋನ್‌ನವರ ಹೆಸರು, ಬೇಸ್ ಗಿಟಾರಿನವರ ಹೆಸರು, ಕೀಬೋರ್ಡಿನವರ ಹೆಸರು, ಎಲ್ಲಾ ಫೋಟೋ ಸಮೇತ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಮತ್ತು ಜಾನಪದ ವಾದ್ಯ ತಂಡ'.

ಆ ತಂಡದ ನಾಲ್ಕು ಜನ ಉತ್ತರ ಕರ್ನಾಟಕದ ಕಡೆಯವರು ಅಂತ ಮಾತಿನಿಂದ ಗೊತ್ತಾಯ್ತು. ಕಚ್ಚೆ, ರುಮಾಲು, ಗೆಜ್ಜೆ, ಎಲ್ಲಾ ಹಾಕಿಸಿದ್ರು. ಕೀಬೋರ್ಡಿನವನು ಜೀನ್ಸ್‌ನಲ್ಲಿದ್ದ. ನಾಲ್ಕು ನಿಮಿಷ ಬಡಿಸಿದ್ರು. ಜನ ಶಿಳ್ಳೆ ಹೊಡೆದ್ರು, ಮೊಬೈಲ್ ಎತ್ತಿದ್ರು. ಆಮೇಲೆ ನಾಯಕ ಮೈಕ್ ಹಿಡಿದು ವೇದಿಕೆ ಮೇಲಿದ್ದವರನ್ನ ಒಬ್ಬೊಬ್ಬರಾಗಿ ಪರಿಚಯ ಮಾಡಿಸಿದ. ಈ ನಾಲ್ಕು ಜನರ ಹತ್ರ ಬಂದಾಗ ಏನಂದ ಗೊತ್ತಾ? "ಮತ್ತು ಇವರು ನಮ್ಮ ಮಣ್ಣಿನ ಸೊಗಡು!"

ಸೊಗಡು! ಸೊಗಡಿಗೆ ಹೆಂಡತಿ ಮಕ್ಕಳು ಇರಲ್ಲ, ಸೊಗಡಿಗೆ ಬ್ಯಾಂಕ್ ಅಕೌಂಟ್ ಇರಲ್ಲ, ಸೊಗಡಿಗೆ ಹೆಸರೂ ಬೇಡ. ಡಿಜ್ಜಿ ಗಿಲೆಸ್ಪಿ ಕಾರ್ನೆಗಿ ಹಾಲಿನಲ್ಲಿ ಚಾನೋನ ತೋರಿಸಿ 'ಇದು ಕ್ಯೂಬಾದ ಮಣ್ಣಿನ ವಾಸನೆ' ಅಂತ ಬಿಟ್ಟಿದ್ದರೆ 'ಮಾಂಟೇಕಾ' ಇವತ್ತು ಇರ್ತಾ ಇತ್ತಾ? ಎರಡು ಸಂಗೀತ ಬೆರೆಯೋದು ಅಂದ್ರೆ ಎರಡೂ ಕಡೆಯವರು ಕೂತು ಜಗಳ ಆಡಬೇಕು. ಇಲ್ಲಿ ಬೇಸ್ ಹೀಗೆ ಬರಬೇಕು ಅಂತ ಹಲಗೆಯವನು ಹೇಳಬೇಕು, ಬೇಸ್‌ನವನು ಕೇಳಬೇಕು. ಒಬ್ಬ ಕೂತು ಎಲ್ಲಾ ಬರೆದು, ಇನ್ನೊಬ್ಬನನ್ನ ನಾಲ್ಕು ನಿಮಿಷ ಕುಣಿಸಿದ್ರೆ ಅದಕ್ಕೆ ಫ್ಯೂಷನ್ ಅನ್ನಲ್ಲ. ಒಗ್ಗರಣೆ ಅಂತಾರೆ.

ಅಲ್ಲಿ ಹೆಸರು ಬಂದ ದಿನ ಏನಾಗುತ್ತೆ ಅನ್ನೋಕೂ ಉದಾಹರಣೆ ಇದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಹಗರಿಬೊಮ್ಮನಹಳ್ಳಿ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, 2021ರಲ್ಲಿ ಪದ್ಮಶ್ರೀ ತಗೊಂಡ್ರು. ನೋಡಿ, ಇವರನ್ನ ಈಗ ಯಾರೂ 'ಸೊಗಡು' ಅನ್ನಲ್ಲ. ಹೆಸರು ಹೇಳ್ತಾರೆ. ಆದರೆ ಹೆಸರು ಸಿಗೋಕೆ ಪ್ರತಿಯೊಬ್ಬನೂ ರಾಷ್ಟ್ರಪತಿ ಭವನದ ತನಕ ಹೋಗಿ ಬರಬೇಕಾ?

*

ಇಷ್ಟು ಬರೆದು, ಖುಷಿಯಲ್ಲಿ, ಪೋಸ್ಟ್ ಮಾಡೋ ಮುಂಚೆ ನನ್ನ ಡಿಪ್ಲೊಮಾ ಕಾಲದ ಗೆಳೆಯನಿಗೆ ಓದಿ ಹೇಳಿದೆ. ಅವನು ನಮ್ಮ ಕಡೆಯವನೇ, ಹಲಗೆ ಬಾರಿಸೋ ಮನೆತನದವನು, ಈಗ ಬೇರೆ ಊರಲ್ಲಿ ಒಳ್ಳೆ ಕೆಲಸದಲ್ಲಿದ್ದಾನೆ. ಪೂರ್ತಿ ಕೇಳಿದ. ಆಮೇಲೆ ಅಂದ:

"ಚೊಲೋ ಐತಲೇ. ಒಂದು ಮಾತು ಕೇಳ್ತೀನಿ. ನಿಮ್ಮಜ್ಜ ಸತ್ತಾಗ ನಮ್ಮಪ್ಪ ಬೆಳಿಗ್ಗಿಂದ ಸಂಜಿ ಮಟ ಬಡದ. ಊಟ ಎಲ್ಲಿ ಹಾಕಿದ್ರಿ?"

ನಾನು ಮಾತಾಡಲಿಲ್ಲ. ನೆನಪಿತ್ತು.

"ನಮ್ಮಪ್ಪ ಹಲಗಿ ಬಿಟ್ಟ ದಿವಸ ನಮ್ಮವ್ವ ಹೋಳಿಗಿ ಮಾಡಿದ್ಲು. ನೀನು ಈಗ ಬಂದು ಅದು ಕಲೆ, ಅದನ್ನ ಬಿಡಬ್ಯಾಡ್ರಿ ಅಂತಿ. ನಿನಗ ತಾಳ ಕೇಳಿಸ್ತದ. ನಮಗ ಕರೆ ಕೇಳಿಸ್ತದ."

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ದಲಿತ ಚಳವಳಿ ಕಾವೇರಿದ್ದ 70-80ರ ದಶಕಗಳಲ್ಲಿ ಎಷ್ಟೋ ಕಡೆ 'ಇನ್ನು ಹಲಗೆ ಬಡಿಯಲ್ಲ' ಅನ್ನೋದೇ ಒಂದು ಹೋರಾಟ ಆಗಿತ್ತು. ಅದೇ ಚಳವಳಿಯ ಸಭೆಗಳಲ್ಲಿ ಅದೇ ಹಲಗೆ ಬೇರೆ ಅರ್ಥದಲ್ಲಿ ಸದ್ದು ಮಾಡಿತು ಅನ್ನೋದೂ ನಿಜ. ಆದರೆ ಬಡಿಯೋದಾ ಬಿಡೋದಾ ಅಂತ ತೀರ್ಮಾನ ಮಾಡಿದ್ದು ಅವರು. ಅದೇ ವ್ಯತ್ಯಾಸ. ಚಾನೋ ಪೋಸೋಗೆ ನ್ಯೂಯಾರ್ಕಿನಲ್ಲಿ 'ಬಾರಿಸಲ್ಲ ಹೋಗ್ರೀ' ಅಂತ ಎದ್ದು ಹೋಗೋ ಹಕ್ಕಿತ್ತು. ನಮ್ಮೂರಲ್ಲಿ ಹೆಣ ಎತ್ತೋ ಹೊತ್ತಿಗೆ 'ಇವತ್ತು ಆಗಲ್ಲ ಗೌಡ್ರೇ' ಅಂತ ಹೇಳಿದವನಿಗೆ ಏನಾಗ್ತಾ ಇತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲ ಅನ್ನೋಕೆ ಆಗದವನು ಬಾರಿಸಿದ್ದನ್ನ ಎಷ್ಟು ಚೆನ್ನಾಗಿದೆ ಅಂತ ಹೊಗಳೋದು ಸುಲಭ.

ಅದಕ್ಕೇ 'ನಮ್ಮ ಕಲೆ ಉಳಿಸಿ' ಅನ್ನೋ ಕೂಗಿಗೆ ನಾನು ಸೇರಲ್ಲ. ಯಾರ ಕಲೆ, ಯಾರ ಕೈಯಲ್ಲಿ ಉಳಿಸೋದು? ಉಳಿಸೋ ಭಾರ ಯಾವಾಗಲೂ ಅವನ ಹೆಗಲಿಗೆ, ಹೆಮ್ಮೆ ಮಾತ್ರ ನಮ್ಮ ಫೇಸ್‌ಬುಕ್ಕಿಗೆ. ನನ್ನ ಗೆಳೆಯನ ಮಗಳು ಹಲಗೆ ಮುಟ್ಟದೆ ಡಾಕ್ಟರ್ ಆದ್ರೆ ಸಂಗೀತಕ್ಕೆ ಏನೋ ನಷ್ಟ ಆಗಬಹುದು. ಆಗಲಿ. ಆ ನಷ್ಟವನ್ನ ಲೆಕ್ಕ ಹಾಕೋ ಅಧಿಕಾರ ನನಗಿಲ್ಲ.

ನಾನು ಕೇಳೋದು ಇಷ್ಟೇ, ಮೂರು ವಿಷಯ.

ಒಂದು, ಬಾರಿಸೋಕೆ ಒಪ್ಪಿದವನ ಹೆಸರು ಪೋಸ್ಟರ್ ಮೇಲೆ ಬರಲಿ, ಸ್ಯಾಕ್ಸೊಫೋನ್‌ನವನ ಹೆಸರು ಎಷ್ಟು ದಪ್ಪ ಇದೆಯೋ ಅಷ್ಟೇ ದಪ್ಪ. ಅವನ ಬಡಿತದ ಮೇಲೆ ಕೃತಿ ಕಟ್ಟಿದ್ರೆ ರಚನಕಾರ ಅಂತ ಬರಲಿ, ರಾಯಲ್ಟಿಯಲ್ಲಿ ಪಾಲು ಬರಲಿ. 1947ರಲ್ಲಿ ಲಿಪಿ ಬಾರದವನಿಗೆ ಮಾಡೋಕೆ ಆಗಿದ್ದು ಈಗ ಯಾಕೆ ಆಗಲ್ಲ?

ಎರಡು, ಜಾತ್ರೆ ಕಮಿಟಿಯವರೇ, ಡಿಜೆಯವನಿಗೆ ಮುಂಗಡ ಕೊಟ್ಟು ರಸೀದಿ ತಗೊಳ್ತೀರಿ. ಸಮಾಳದವರಿಗೆ, ಹಲಗೆಯವರಿಗೆ, ಉರುಮೆಯವರಿಗೂ ಹಾಗೇ ಮಾತಾಡಿ, ಮುಂಗಡ ಕೊಡಿ, ರಸೀದಿ ತಗೊಳ್ಳಿ. ಇನಾಮು, ಕಾಣಿಕೆ, ಎರಡು ಸೇರು ಜೋಳ, ಇವೆಲ್ಲಾ ಕೂಲಿಯನ್ನ ದಾನ ಅಂತ ತೋರಿಸೋ ಉಪಾಯ.

ಮೂರು, ಆಗಲ್ಲ ಅಂದವನನ್ನ ಬಿಡಿ. ಮುಖ ಸಿಂಡರಿಸದೆ ಬಿಡಿ. ಬೇಕಾದ್ರೆ ನಿಮ್ಮ ಮಗನಿಗೆ ಕಡ್ಡಿ ಕೊಟ್ಟು ಕಲಿಸಿ. ಕಲಿಯೋಕೆ ಕೇರಿಗೆ ಹೋಗಿ, ಗುರು ಅಂತ ಕಾಲಿಗೆ ಬಿದ್ದು, ಫೀಸು ಕೊಟ್ಟು. ಅಷ್ಟು ಮಾಡಿ ಆಮೇಲೆ ಹೇಳಿ, ಅದು ಮ್ಯೂಸಿಕ್ಕಾ ಅಲ್ವಾ ಅಂತ.

ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಅಜ್ಜ ಸತ್ತಾಗ ಹಲಗಿ ಬಡದವರ ಹೆಸರೇನಮ್ಮ?" ಅಂದೆ. ಗೆಳೆಯನ ಅಪ್ಪ ಅಂತ ಗೊತ್ತು. ಐದು ವರ್ಷ ಅವನ ಜೊತೆ ಓಡಾಡಿದ್ದೀನಿ, ಅವನ ಅಪ್ಪನ ಹೆಸರು ನನಗೆ ಗೊತ್ತಿಲ್ಲ ಅನ್ನೋದು ಆಗಲೇ ಗೊತ್ತಾಗಿದ್ದು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೆಸರಾ? ನಾವು ಹಲಿಗ್ಯಾವ ಅಂತಲೇ ಕರೀತಿದ್ವಪ್ಪ" ಅಂದಳು.

ಬೆಳಿಗ್ಗೆ ಗೆಳೆಯನಿಗೆ ಮೆಸೇಜ್ ಮಾಡಿ ಕೇಳಿದೆ. ಕಳಿಸಿದ. ಇಲ್ಲಿ ಬರೀಬೇಕು ಅಂತ ಬೆರಳು ತುರಿಸ್ತಾ ಇದೆ, ಬರೆದ್ರೆ ಲೇಖನಕ್ಕೆ ಒಳ್ಳೆ ಮುಕ್ತಾಯ ಆಗುತ್ತೆ. ಆದರೆ ಅವರನ್ನ ಕೇಳದೆ ಬರೆದ್ರೆ ನಾನೂ ಆ ಮೈಕ್ ಹಿಡಿದವನ ಹಾಗೇ ಆಗ್ತೀನಿ. ಯುಗಾದಿಗೆ ಊರಿಗೆ ಹೋದಾಗ ಅವರ ಮನೆಗೆ ಹೋಗಿ ಕೇಳ್ತೀನಿ. ಬೇಡ ಅಂದ್ರೆ ಬೇಡ. ಊಟಕ್ಕೆ ಕೂರಿಸಿದ್ರೆ ಊಟ ಮಾಡಿ ಬರ್ತೀನಿ.

ಅಂದ ಹಾಗೆ, ನಿಮ್ಮೂರಲ್ಲಿ ಬಾರಿಸೋರ ಹೆಸರು ನಿಮಗೆ ಗೊತ್ತಾ? ಇಲ್ಲಿ ಕಾಮೆಂಟಿನಲ್ಲಿ ಬರೀಬೇಡಿ. ಮೊದಲು ನಿಮ್ಮ ಮನೆಯಲ್ಲಿ ಕೇಳಿ ನೋಡಿ.